ಚೆನ್ನಯ್ಯ ಹೊತ್ತ ಮಣ್ಣು

ಹಾಸನದ ಕೈಗಾರಿಕಾ ಪ್ರದೇಶದ ಕೊನೆಯ ಕಾರ್ಖಾನೆ ದಾಟಿದ ಮೇಲೆ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋದರೆ ಕಲ್ಲು ಕ್ವಾರಿ, ಬಲಕ್ಕೆ ಹೋದರೆ ವಿಶ್ವವಿದ್ಯಾಲಯ. ಅದರ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು ಕೂತಿರುವವನು ಹುಲ್ಲೇನಕೊಪ್ಪಲಿನ ಚೆನ್ನಯ್ಯ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸಿಳಿದು ಬರುವ ಹುಡುಗ ಹುಡುಗಿಯರು ಅವನ ಮುಂದೆ ಗುರುತಿನ ಚೀಟಿ ಹಿಡಿದು ಒಳಗೆ ಹೋಗುತ್ತಾರೆ. ಅವನು ಚೀಟಿ ನೋಡುವುದಿಲ್ಲ, ಅವರ ಕಾಲು ನೋಡುತ್ತಾನೆ. ಎಲ್ಲಿ ತುಳಿಯುತ್ತಾರೋ ಅಂತ.

ಈ ವಿಶ್ವವಿದ್ಯಾಲಯ ಹುಟ್ಟಿದ್ದನ್ನು ಕಣ್ಣಾರೆ ಕಂಡವರಲ್ಲಿ ಈಗ ಇಲ್ಲಿ ಉಳಿದಿರುವವನು ಅವನೊಬ್ಬನೇ. ಮೊದಲು ಇಲ್ಲಿದ್ದದ್ದು ಬಲ್ಬ್ ಕಾರ್ಖಾನೆ. ಅದು ಬಾಗಿಲು ಹಾಕಿದಾಗ ಯಂತ್ರಗಳು ಲಾರಿ ಹತ್ತಿದವು, ಕೆಲಸಗಾರರು ತಮ್ಮ ತಮ್ಮ ದಾರಿ ಹಿಡಿದರು, ಕಾವಲಿಗಿದ್ದ ಚೆನ್ನಯ್ಯ ಮಾತ್ರ ಶೆಡ್ಡಿನ ಜೊತೆ ಉಳಿದುಕೊಂಡ. ಎರಡು ವರ್ಷ ಖಾಲಿ ಶೆಡ್ಡು ಕಾದ. ಆಮೇಲೊಂದು ದಿನ ಜೀಪಿನಲ್ಲಿ ನಾಲ್ಕು ಜನ ಬಂದು ಸ್ನಾತಕೋತ್ತರ ಕೇಂದ್ರ ಅನ್ನುವ ತಗಡಿನ ಬೋರ್ಡು ಹೊಡೆದು ಹೋದರು. ಎರಡೇ ವಿಷಯ, ಮೂವತ್ತನಾಲ್ಕು ಜನ ವಿದ್ಯಾರ್ಥಿಗಳು. ಕೂರುವುದಕ್ಕೆ ಬಲ್ಬಿನ ಮರದ ಪೆಟ್ಟಿಗೆಗಳು. ಮೇಷ್ಟ್ರು ನಿಂತು ಪಾಠ ಮಾಡುತ್ತಿದ್ದದ್ದು ಸರಕು ತೂಗುವ ಕಟ್ಟೆಯ ಮೇಲೆ. ಅವರು ಹತ್ತಿ ನಿಂತರೆ ಗೋಡೆಯ ಮೇಲಿನ ಮುಳ್ಳು ತಿರುಗುತ್ತಿತ್ತು. ಯಾವ ಮೇಷ್ಟ್ರು ಎಷ್ಟು ತೂಗುತ್ತಾರೆ ಅನ್ನುವುದು ಪರೀಕ್ಷೆಗೆ ಬಾರದಿದ್ದರೂ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು.

ಚೆನ್ನಯ್ಯನ ಮಗ ಮನೋಹರ ಅದೇ ಶೆಡ್ಡಿನಲ್ಲಿ ಕೂತು ಇತಿಹಾಸದಲ್ಲಿ ಎಂ.ಎ. ಮಾಡಿದ. ಓದು ಮುಗಿಸಿದವನು ಅಲ್ಲೇ ಅತಿಥಿ ಉಪನ್ಯಾಸಕನಾದ. ಈ ಹೆಸರು ಕಟ್ಟಿದವನು ದೊಡ್ಡ ಕಿಡಿಗೇಡಿಯೇ ಇರಬೇಕು. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ದುಡಿದವನನ್ನು ಯಾರಾದರೂ ಅತಿಥಿ ಅನ್ನುತ್ತಾರೆಯೇ? ಪ್ರತಿ ವರ್ಷ ಒಂದು ಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದರೆ ಆ ವರ್ಷ ಮೇಷ್ಟ್ರು, ಇಲ್ಲದಿದ್ದರೆ ಹುಲ್ಲೇನಕೊಪ್ಪಲಿನ ಕೇರಿಯಲ್ಲಿ ಮನೋಹರ, ಅಷ್ಟೇ. ಅಪ್ಪ ಗೇಟಿನಲ್ಲಿ ಕೂತು, ಮಗ ಸ್ಕೂಟರಿನಲ್ಲಿ ಒಳಗೆ ಹೋಗುವಾಗ ಎದ್ದು ನಿಲ್ಲುತ್ತಿದ್ದ. ಏಳಬೇಡ ಅಂತ ಮಗ ನೂರು ಸಲ ಹೇಳಿದ್ದ. ಚೆನ್ನಯ್ಯನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿರಲಿಲ್ಲ, ಅದನ್ನು ಬಿಡು ಅಂದರೆ ಬಿಟ್ಟಾನೆಯೇ?

ಕೇಂದ್ರ ಬೆಳೆಯಿತು. ಶೆಡ್ಡಿನ ಪಕ್ಕ ಕಟ್ಟಡ ಎದ್ದಿತು, ಕಟ್ಟಡದ ಮೇಲೆ ಅಂತಸ್ತು ಎದ್ದಿತು, ಒಂದು ಸರ್ಕಾರಿ ಆದೇಶ ಬಂದು ಕೇಂದ್ರವೇ ವಿಶ್ವವಿದ್ಯಾಲಯವಾಯಿತು. ಕುಲಪತಿಗಳು ಬಂದರು, ಕುಲಸಚಿವರು ಬಂದರು, ಅವರ ಹಿಂದೆಯೇ ಜಾಗ ಸಾಲದು ಅನ್ನುವ ಮಾತು ಬಂತು. ಹೊಸ ಪರೀಕ್ಷಾ ಭವನಕ್ಕೆ ಇನ್ನಷ್ಟು ನೆಲ ಬೇಕು. ಹಿಂಬದಿಯಲ್ಲಿ ಕರೇಕಟ್ಟೆ ಗ್ರಾಮದ ಗೋಮಾಳ; ಅದನ್ನು ಕೊಡಲು ಮೇಲಿನವರು ಒಪ್ಪಿದ್ದರು. ಆದರೆ ಗೋಮಾಳ ಎಲ್ಲಿ ಮುಗಿಯುತ್ತದೆ, ಹುಲ್ಲೇನಕೊಪ್ಪಲು ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ ಎರಡು ನಕ್ಷೆ ಎರಡು ಮಾತು ಹೇಳುತ್ತಿದ್ದವು. ಒಂದರ ಪ್ರಕಾರ ಗಡಿ ಅಂದರೆ ಆಚೆಯ ಮಣ್ಣಿನ ದಿಣ್ಣೆ. ಇನ್ನೊಂದರ ಪ್ರಕಾರ ಈಚೆಯ ಹಳ್ಳ. ಹಳ್ಳಕ್ಕೂ ದಿಣ್ಣೆಗೂ ನಡುವೆ ಇದ್ದದ್ದು ಎರಡೂವರೆ ಎಕರೆ; ದಿಣ್ಣೆ ಗಡಿಯಾದರೆ ಅದು ಹುಲ್ಲೇನಕೊಪ್ಪಲಿಗೆ, ಹಳ್ಳ ಗಡಿಯಾದರೆ ಗೋಮಾಳಕ್ಕೆ. ಅದು ಚೆನ್ನಯ್ಯನ ಕೇರಿಯವರು ತಲೆತಲಾಂತರದಿಂದ ಸತ್ತವರನ್ನು ಮಣ್ಣು ಮಾಡುತ್ತಿದ್ದ ಜಾಗ.

ಅಲ್ಲಿ ಒಂದು ಹೊಂಗೆಮರವಿತ್ತು. ಅದರ ಬುಡದಲ್ಲಿ ಚೆನ್ನಯ್ಯನ ಮಗಳು ಶಾಂತಿ ಮಲಗಿದ್ದಳು. ಆರು ವರ್ಷದ ಹುಡುಗಿ, ಕಾಮಾಲೆಯಾಗಿ ಹೋದವಳು. ಅವಳ ಅವ್ವ ಲಕ್ಷ್ಮಿದೇವಮ್ಮ, ಬಾಗೂರಿನ ಕಡೆಯ ಹೆಣ್ಣು, ಮೂವತ್ತು ವರ್ಷವಾದರೂ ಆ ಮರದ ಹೊಂಗೆ ಹೂವು ಉದುರುವ ಕಾಲಕ್ಕೆ ತಪ್ಪದೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು.

ಇಲ್ಲಿ ಒಂದು ಸಂಗತಿ ಹೇಳಬೇಕು. ಚೆನ್ನಯ್ಯನ ಮನೆಯವರು ಆ ಊರಿಗೆ ಕುಳವಾಡಿಗಳು. ಊರ ಗಡಿಯ ತಕರಾರು ಬಂದಾಗ ಹಿಂದಿನ ಕಾಲದಲ್ಲಿ ಯಾವ ಗೌಡ, ಯಾವ ಶಾನುಭೋಗರ ಮಾತೂ ಕೊನೆಯ ಮಾತಲ್ಲ. ಕುಳವಾಡಿಯದೇ ಕೊನೆಯ ಮಾತು. ದಿನವೆಲ್ಲ ಕೇರಿಯವನನ್ನು ಹೊರಗೆ ನಿಲ್ಲಿಸಿದ ಊರು, ಗಡಿ ಯಾವುದು ಅಂತ ಕೇಳುವುದಕ್ಕೆ ಮಾತ್ರ ಅವನ ಹಿಂದೆ ಕೈಕಟ್ಟಿ ನಡೆಯುತ್ತಿತ್ತು. ಕುಳವಾಡಿ ಮಿಂದು, ಉಪವಾಸವಿದ್ದು, ಗಡಿಯ ಮೇಲಿನ ಮಣ್ಣನ್ನೇ ತೆಗೆದು ನೀರು ಹಾಕಿ ಉಂಡೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ಸರಿಯಾದ ಗಡಿಯ ಮೇಲೆ ನಡೆದರೆ ಉಂಡೆ ಹಾಗೇ ನಿಲ್ಲುತ್ತದೆ, ತಪ್ಪಿ ಕಾಲಿಟ್ಟರೆ ಒಡೆದು ಬೀಳುತ್ತದೆ. ತಿಳಿದೂ ತಿಳಿದೂ ಸುಳ್ಳು ಗಡಿ ನಡೆದವನಿದ್ದರೆ ವರ್ಷ ತುಂಬುವುದರೊಳಗೆ ಮಣ್ಣು ಅವನ ಮನೆಯಿಂದ ಒಬ್ಬರನ್ನು ಕೇಳುತ್ತದೆ. ಇದನ್ನು ಚೆನ್ನಯ್ಯನಿಗೆ ಅವನ ತಾತ ಹೇಳಿದ್ದ. ಹೇಳುವಾಗ ನಗುತ್ತಿರಲಿಲ್ಲ.

ನಕ್ಷೆಗಳ ಜಗಳ ಬಗೆಹರಿಯದೆ ಹೋದಾಗ ಎರಡೂ ಊರಿನ ಹಿರಿಯರು, ಕುಳವಾಡಿಯ ಕೈಲಿ ಮಣ್ಣು ಹೊರಿಸಿ, ಅವನು ನಡೆದದ್ದೇ ಗಡಿ, ನಾವೆಲ್ಲ ಮಹಜರಿಗೆ ರುಜು ಹಾಕುತ್ತೇವೆ ಅಂದರು. ಸರ್ವೆಯವನಿಗೆ ತಮಾಷೆಯಾಗಿ ಕಂಡಿತು. ಆದರೂ ಎಲ್ಲರೂ ಒಪ್ಪಿ ರುಜು ಹಾಕಿದರೆ ಅವನಿಗೇನು ನಷ್ಟ? ಕೇರಿಯ ಯಜಮಾನ ಪಾಪಯ್ಯನಿಗಂತೂ ನೆಮ್ಮದಿಯಾಯಿತು. ಗಡಿ ದಿಣ್ಣೆಯೇ ಅನ್ನುವುದು ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಮಣ್ಣು ಅದನ್ನೇ ಹೇಳುತ್ತದೆ, ಸುಡುಗಾಡು ಉಳಿಯುತ್ತದೆ ಅಂತ ಅವನ ನಂಬಿಕೆ.

ಮನೋಹರ ಮಾತ್ರ ಮೂಗು ಮುರಿದ. ಅವನ ಮನೆಯಲ್ಲಿ ಈಗ ಬುದ್ಧನ ಪಟವಿದೆ. ಹುಣ್ಣಿಮೆಗೊಮ್ಮೆ ಹಾಸನದಲ್ಲಿ ಸೇರುವ ಗೆಳೆಯರ ಜೊತೆ ಕೂತು ವಂದನೆ ಹೇಳಿ ಬರುತ್ತಾನೆ. ಊರು ನಮ್ಮ ತಲೆಯ ಮೇಲೆ ಹೊರಿಸಿದ್ದು ಸಾಲದೆ, ಇನ್ನೂ ಮಣ್ಣು ಬೇರೆ ಹೊರಬೇಕೇ ಅಂತ ಅಪ್ಪನಿಗೆ ಗದರಿದ. ಗದರುವ ಗಟ್ಟಿತನ ಆ ವರ್ಷ ಅವನ ದನಿಯಲ್ಲಿರಲಿಲ್ಲ. ಪಟ್ಟಿಯಿಂದ ಅವನ ಹೆಸರು ಬಿದ್ದುಹೋಗಿತ್ತು. ಮೂರು ತಿಂಗಳಿಂದ ಮನೆಯಲ್ಲಿದ್ದ.

ಮಣ್ಣು ಹೊರುವುದಕ್ಕೆ ಎರಡು ದಿನವಿರುವಾಗ ನಂಜಪ್ಪಗೌಡರು ಗೇಟಿಗೆ ಬಂದರು. ಊರಿನ ಹಳೆಯ ಜಮೀನ್ದಾರರ ಮನೆಯವರು, ವಿಶ್ವವಿದ್ಯಾಲಯದ ಒಂದು ಸಮಿತಿಯಲ್ಲೂ ಕುರ್ಚಿ ಇಟ್ಟುಕೊಂಡವರು. ಸುಡುಗಾಡಿನ ಜಾಗ ಸಿಗದಿದ್ದರೆ ಪರೀಕ್ಷಾ ಭವನಕ್ಕೆ ಹೋಗುವುದು ಅವರ ನಾಲ್ಕು ಎಕರೆ ತೆಂಗಿನ ತೋಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಕಡೆಯ ಮನುಷ್ಯ. ಹೊಗೆಸೊಪ್ಪು ಬಾಯಿಗಿಟ್ಟುಕೊಂಡು, ಆ ಕಡೆ ಈ ಕಡೆ ನೋಡಿ ಹೇಳಿದರು.

"ಮಣ್ಣು ಅಳ್ಳದ ಗುಂಟ ಓಗ್ಲಿ ಕಣ್ಲಾ ಚೆನ್ನ. ನಿನ್ ಮಗನ ಎಸ್ರು ಪಟ್ಟಿ ಒಳಗಿರ್ತದೆ. ಅದು ನನ್ ಜವಾಬ್ದಾರಿ."

"ಉಂಡೆ ಒಡೆದೋದ್ರೆ ಗೌಡ್ರೆ?"

"ಒಡೀದಂಗೆ ಕಟ್ಟೋದು ಕುಳವಾಡಿಗೆ ನಾನು ಯೋಳ್ಕೊಡ್ಬೇಕೇನ್ಲಾ?"

ಚೆನ್ನಯ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಮಾಡಿ ಮರೆತುಬಿಡುತ್ತಿದ್ದ. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಸತ್ತವರು ಸತ್ತಿದ್ದಾರೆ, ಬದುಕಿರುವವನು ಮನೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದಾನೆ ಅಂತ ಒಂದು ಸಲ ಅನ್ನಿಸುತ್ತಿತ್ತು. ಮರುಗಳಿಗೆಗೆ ಹೊಂಗೆಮರ ಕಣ್ಮುಂದೆ ಬರುತ್ತಿತ್ತು.

ಆಗ ಲಕ್ಷ್ಮಿದೇವಮ್ಮ ಹೊಸ ಒಲೆ ಹಾಕಲೆಂದು ಹಿತ್ತಲಲ್ಲಿ ಒಂದು ಗುಡ್ಡೆ ಹುತ್ತದ ಮಣ್ಣು ತಂದು ಹಾಕಿದ್ದಳು. ಹುತ್ತದ ಮಣ್ಣು ಗೊತ್ತಲ್ಲ, ಒಂದು ಸಲ ಹಿಡಿಯಿತು ಅಂದರೆ ಹಾರೆಯಲ್ಲಿ ಮೀಟಿದರೂ ಬಿಡುವುದಿಲ್ಲ. ಮಧ್ಯಾಹ್ನ ಅವಳು ಕಳೆ ಕೀಳಲು ಹೋಗಿದ್ದಾಗ ಚೆನ್ನಯ್ಯ ಆ ಗುಡ್ಡೆಯಿಂದ ಎರಡು ಬೊಗಸೆ ತೆಗೆದು, ಕಲ್ಲು ಕಸ ಆರಿಸಿ, ಹೆಗಲ ಮೇಲಿನ ಚೌಕದ ಗಂಟಿನಲ್ಲಿ ಕಟ್ಟಿಟ್ಟ. ಹುತ್ತವೂ ಭೂಮಿಯದೇ ಅಲ್ಲವೇ ಅಂತ ತನಗೆ ತಾನೇ ಹೇಳಿಕೊಂಡ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹಿತ್ತಲ ಬಾಗಿಲು ಎರಡು ಸಲ ನೋಡಿದ.

ಮಾಘಮಾಸದ ಒಂದು ಬೆಳಿಗ್ಗೆ ಎರಡು ಊರಿನ ಜನ, ಸರ್ವೆಯವನು, ಕುಲಸಚಿವರು, ಪೇಪರಿನವನೊಬ್ಬ ಎಲ್ಲರೂ ಸೇರಿದರು. ಚೆನ್ನಯ್ಯ ಮಿಂದು, ಒದ್ದೆ ಪಂಚೆಯುಟ್ಟು, ಕುಳವಾಡಿಯ ಗುರುತಾದ ತಾತನ ಕಾಲದ ಗಂಟೆಬಟ್ಟಲು ಹೆಗಲಿಗೆ ಹಾಕಿಕೊಂಡು ಬಂದ. ಎಲ್ಲರಿಗೂ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ನೆಲ ಕೆದಕಿದ. ಕೆದಕಿದ ಮಣ್ಣು ನೆಲದಲ್ಲೇ ಉಳಿಯಿತು, ಚೌಕದ ಮಣ್ಣು ಕೈಗೆ ಬಂತು. ನೀರು ಹಾಕಿ ನಾದಿ ಉಂಡೆ ಕಟ್ಟಿ ತಲೆಗಿಟ್ಟ. ಎದ್ದು ನಿಂತು ಹಳ್ಳದ ಕಡೆ ತಿರುಗಿದ. ಈಗ ಒಡೆಯುತ್ತದೆ, ಈಗ ಒಡೆಯುತ್ತದೆ ಅಂತ ಪಾಪಯ್ಯ ಕಾಯುತ್ತಲೇ ಇದ್ದ. ಹಳ್ಳದ ಗುಂಟ ಆ ತುದಿಯ ತನಕ ನಡೆದರೂ ಉಂಡೆ ಬಿರುಕೂ ಬಿಡಲಿಲ್ಲ. ಪಾಪಯ್ಯ ತಲೆಯ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡು, ಮಣ್ಣೇ ಹೇಳಿದ ಮೇಲೆ ಮುಗಿಯಿತು ಅಂದು ಮೊದಲ ಹೆಬ್ಬೆಟ್ಟು ತಾನೇ ಒತ್ತಿದ.

ಕೇರಿಗೆ ಬದಲಿ ಸುಡುಗಾಡು ಅಂತ ಕ್ವಾರಿಯ ಪಕ್ಕ ಒಂದು ಎಕರೆ ಕೊಟ್ಟರು. ಅಲ್ಲಿ ಮೊಣಕಾಲುದ್ದ ಅಗೆದರೆ ಬಂಡೆ. ಆ ವಾರವೇ ಮನೋಹರನಿಗೆ ಕರೆ ಬಂತು. ಯಾರೋ ಬಿಟ್ಟುಹೋದರಂತೆ, ನಡುವರ್ಷದ ಪಟ್ಟಿಯಲ್ಲಿ ಅವನ ಹೆಸರು ಹತ್ತಿತು. ಅವನು ಅದನ್ನು ತನ್ನ ಹನ್ನೊಂದು ವರ್ಷದ ದುಡಿಮೆಗೆ ಸಿಕ್ಕ ನ್ಯಾಯ ಅಂದುಕೊಂಡ, ಅಪ್ಪನ ಕೈ ಹಿಡಿದು ನಕ್ಕ. ಚೆನ್ನಯ್ಯನೂ ನಕ್ಕ. ಎರಡನೇ ವಾರ ಜೆಸಿಬಿಗಳು ಬಂದು ಸುಡುಗಾಡನ್ನೂ ಅದರಾಚೆಯ ದಿಣ್ಣೆಯನ್ನೂ ಮಟ್ಟ ಮಾಡಿದವು. ಕ್ವಾರಿಯ ಜಲ್ಲಿಪುಡಿ ಸುರಿದು, ರೋಲರ್ ಓಡಿಸಿ, ಗಾಡಿ ನಿಲ್ಲಿಸುವ ಜಾಗ ಮಾಡಿದರು. ಪರೀಕ್ಷಾ ಭವನದ ಕಂಬಗಳು ಎದ್ದವು. ನೆರಳಿಗಿರಲಿ ಅಂತ ಹೊಂಗೆಮರ ಒಂದನ್ನು ಬಿಟ್ಟರು. ತಲೆಯ ಮೇಲೆ ಮಣ್ಣುಂಡೆ ಹೊತ್ತ ಚೆನ್ನಯ್ಯನ ಫೋಟೋ ಪೇಪರಿನಲ್ಲಿ ಬಂದಿತ್ತು. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಮ್ಮ ಪರಂಪರೆ ಅನ್ನುವ ಸಾಲಿನಡಿ ಆಡಳಿತ ಕಟ್ಟಡದ ಹಜಾರದಲ್ಲಿ ತೂಗುಹಾಕಿದರು. ಚೆನ್ನಯ್ಯ ದಿನವೂ ಕೀಲಿಕೈ ತರಲು ಅದರ ಕೆಳಗೇ ಹೋಗಬೇಕು.

ಅಲ್ಲಿಂದ ಅವನಿಗೆ ಲೆಕ್ಕ ಹಿಡಿಯಿತು, ದಿನದ ಲೆಕ್ಕ. ವರ್ಷ ತುಂಬುವುದರೊಳಗೆ ಮಣ್ಣು ಯಾರನ್ನು ಕೇಳುತ್ತದೆ? ಅವನ ಜೀವವೆಲ್ಲ ಮನೋಹರನ ಮೇಲೆ. ಮಗನ ಸ್ಕೂಟರು ಐದು ನಿಮಿಷ ತಡವಾದರೆ ಗೇಟು ಬಿಟ್ಟು ರಸ್ತೆಯ ತಿರುವಿನ ತನಕ ಓಡುತ್ತಿದ್ದ. ಮಗ ಕೆಮ್ಮಿದರೆ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ಮಗ ವಿದ್ಯಾರ್ಥಿಗಳ ಜೊತೆ ಶೆಟ್ಟಿಹಳ್ಳಿಯ ಹಿನ್ನೀರಿನ ಕಡೆ ಹೊರಟಾಗ ಅಡ್ಡ ನಿಂತು ಬೈಸಿಕೊಂಡ. ಯುಗಾದಿ ಹೋಯಿತು, ಗೌರಿ ಹಬ್ಬ ಹೋಯಿತು, ಏನೂ ಆಗಲಿಲ್ಲ. ಏನೂ ಆಗದ ಒಂದೊಂದು ದಿನವೂ ಅವನ ಭಯಕ್ಕೆ ಬಡ್ಡಿ ಸೇರಿಸುತ್ತಾ ಹೋಯಿತು.

ಈ ನಡುವೆ ಲಕ್ಷ್ಮಿದೇವಮ್ಮ ಇದ್ದಕ್ಕಿದ್ದಂತೆ, ನಾನೂ ವಿಶ್ವವಿದ್ಯಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಹೋಗುತ್ತೇನೆ ಅಂದಳು. ಮಗ ಮೇಷ್ಟ್ರು, ನೀನು ಯಾಕೆ ಪೊರಕೆ ಹಿಡಿಯಬೇಕು ಅಂತ ಇಬ್ಬರೂ ಬೇಡವೆಂದರು. ಅವಳು ಕೇಳಲಿಲ್ಲ. ದಿನ ಬೆಳಿಗ್ಗೆ ಹಜಾರ ಗುಡಿಸಿ, ಮೆಟ್ಟಿಲು ಗುಡಿಸಿ, ಕೊನೆಗೆ ಗಾಡಿ ನಿಲ್ಲಿಸುವ ಜಾಗಕ್ಕೆ ಬಂದು ಹೊಂಗೆಮರದ ಬುಡವನ್ನು ಕೈಯಲ್ಲೇ ಸವರಿ ಚೊಕ್ಕ ಮಾಡಿ, ಸೆರಗು ಹಾಸಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಚೆನ್ನಯ್ಯ ಗೇಟಿನಿಂದ ನೋಡುತ್ತಿದ್ದ. ಹೆಂಗಸು ದಣಿದಿದ್ದಾಳೆ ಅಂದುಕೊಂಡನಂತೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಇಷ್ಟೂ ತಿಳಿಯಬಾರದೇ ಅನ್ನಿಸಿ ಸಿಟ್ಟು ಬರುತ್ತದೆ. ತಿಳಿಯದೆ ಇರುವುದೇ ಅವನಿಗೆ ಬೇಕಾಗಿತ್ತೇನೋ.

ಕಾರ್ತಿಕದಲ್ಲಿ ಅವಳು ಹಾಸಿಗೆ ಹಿಡಿದಳು. ಕಣ್ಣು, ಉಗುರು ಹಳದಿಯಾದವು. ಮಗಳಿಗೆ ಬಂದದ್ದೇ ಅವ್ವನಿಗೂ ಬಂತು ಅಂತ ಕೇರಿಯವರು ಮಾತಾಡಿಕೊಂಡರು. ಆಸ್ಪತ್ರೆಯವರು ಪಿತ್ತಕೋಶದಲ್ಲಿ ಗಡ್ಡೆಯಿದೆ, ತಡವಾಗಿದೆ ಅಂದರು. ಮನೆಗೆ ಕರೆತಂದ ಮೇಲೆ ಒಂದು ಮಧ್ಯಾಹ್ನ, ಮನೋಹರ ಕೆಲಸಕ್ಕೆ ಹೋಗಿದ್ದಾಗ, ಅವಳು ಗಂಡನನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಎದುರಿಗೆ ಒಲೆಯಿತ್ತು, ಅದೇ ಹುತ್ತದ ಮಣ್ಣಿನ ಒಲೆ.

"ಅವತ್ತು ನೀನು ಒತ್ಕಂಡು ಓದದ್ದು ನನ್ ಒಲೆ ಮಣ್ಣು," ಅಂದಳು. "ಗುಡ್ಡೆ ತಗ್ಗಿದ್ದು ನೋಡ್ದೆ. ಮಗನ ಮಕ ನೋಡ್ಕಂಡು ಸುಮ್ಕಾದೆ. ನಂದೂ ತಪ್ಪೇಯ."

ಚೆನ್ನಯ್ಯ ಅವಳ ಹೊದಿಕೆ ಸರಿಮಾಡಿದ.

"ನನ್ನ ಕ್ವಾರಿ ತಾವ ಮಣ್ಣು ಮಾಡ್ಬ್ಯಾಡ. ನನ್ ಮಗಿನ ಮಗ್ಗುಲಲ್ಲಿ ಮಲಗ್ಸು. ಅದೊಂದು ನಡಸ್ಕೊಡು."

ಅವನು ಹೂಂ ಅಂದ. ಅವಳು ಅವನ ಕೈ ಬಿಡಲಿಲ್ಲ. ಇನ್ನೊಂದು ಸಲ ಹೂಂ ಅನ್ನಿಸಿದಳು.

ವರ್ಷ ತುಂಬಲು ಇಪ್ಪತ್ತು ದಿನವಿರುವಾಗ, ಒಂದು ಭಾನುವಾರ ಬೆಳಿಗ್ಗೆ ಲಕ್ಷ್ಮಿದೇವಮ್ಮ ತೀರಿಕೊಂಡಳು. ಮಣ್ಣು ಕೇಳಿತು ಅಂತ ಚೆನ್ನಯ್ಯನಿಗೆ ಆ ಕ್ಷಣವೇ ಅರ್ಥವಾಯಿತು. ಅಷ್ಟು ದಿನ ಮಗನ ಬಾಗಿಲು ಕಾದವನು ಹೆಂಡತಿಯ ಬಾಗಿಲು ತೆರೆದಿಟ್ಟಿದ್ದ. ಅವನು ಅಳಲಿಲ್ಲ, ಅಳುವುದಕ್ಕೆ ತನಗೆ ಹಕ್ಕಿಲ್ಲ ಅನ್ನಿಸಿತು.

ಹತ್ತು ಗಂಟೆಗೆ ತಮಟೆ ಮುಂದಾಗಿ ಚಟ್ಟ ಹೊರಟಿತು. ರಸ್ತೆ ಎರಡಾಗುವ ಕಡೆ ತಮಟೆಯವರು ಎಡಕ್ಕೆ ತಿರುಗಿದರು. ಮುಂದೆ ನಡೆಯುತ್ತಿದ್ದ ಚೆನ್ನಯ್ಯ ಬಲಕ್ಕೆ ತಿರುಗಿದ. ಏನು ಎತ್ತ ಅಂತ ಯಾರಿಗೂ ತಿಳಿಯಲಿಲ್ಲ. ಶನಿವಾರ ಹಿಂದಿರುಗಿಸದೆ ತಂದಿದ್ದ ಕೀಲಿಕೈ ಅವನ ಸೊಂಟದಲ್ಲೇ ಇತ್ತು. ಗೇಟು ತೆರೆದು ಒಳಗೆ ಹೋದ. ಚಟ್ಟ ಹೊತ್ತವರೂ ಬೇರೆ ದಾರಿ ಕಾಣದೆ ಹಿಂದೆ ಬಂದರು. ರಜೆಯ ದಿನ, ಒಳಗೆ ನರಪಿಳ್ಳೆಯಿಲ್ಲ.

ಹಿಂದೆ ದಿಣ್ಣೆಯಿದ್ದ ಜಾಗದಲ್ಲಿ ಅವನು ಕುಕ್ಕರಗಾಲಲ್ಲಿ ಕೂತ. ಈ ಸಲ ಎಲ್ಲರಿಗೂ ಮುಖ ಮಾಡಿ ಕೂತ. ಗಡಿಯ ಮಣ್ಣನ್ನು ಗಡಿಯಲ್ಲೇ ತೆಗೆಯಬೇಕು. ಈ ಸಲ ಅದರಲ್ಲಿ ಒಂದು ಎಳೆಯಷ್ಟೂ ತಪ್ಪುವುದಿಲ್ಲ ಅಂತ ಅವನ ಹಟ. ಕೆದಕಿದರೆ ಬಂದದ್ದು ಬೂದುಬಣ್ಣದ ಜಲ್ಲಿಪುಡಿ. ಇನ್ನೂ ಕೆದಕಿದ, ಅದೇ ಬಂತು. ಹೆಣದ ಜೊತೆ ತಂದಿದ್ದ ಮಡಕೆಯ ನೀರು ಹಾಕಿ ಕಲಸಿದ. ಹಿಡಿಯಲಿಲ್ಲ. ಬೆರಳು ನೋಯುವಷ್ಟು ಒತ್ತಿ ಒತ್ತಿ ಹೇಗೋ ಒಂದು ಉಂಡೆ ಮಾಡಿ ತಲೆಗಿಟ್ಟು ಎದ್ದ. ಆಗ ಜನಕ್ಕೆ ಅರ್ಥವಾಯಿತು. ತಮಟೆ ನಿಂತಿತು.

ಅವನು ದಿಣ್ಣೆಯ ಗೆರೆಯ ಮೇಲೆ ನಡೆದ. ಆ ಗೆರೆಯನ್ನು ಅವನು ಕಣ್ಣು ಕಟ್ಟಿದರೂ ನಡೆಯಬಲ್ಲ. ಹನ್ನೊಂದು ಹೆಜ್ಜೆಗೆ ಉಂಡೆ ಒಡೆಯಿತು. ಪುಡಿಯೂ ನೀರೂ ಹಣೆಯ ಮೇಲೆ, ಕಣ್ಣಿನೊಳಗೆ ಸುರಿದವು.

"ಅವತ್ತು ನಾನು ಒತ್ಕಂಡಿದ್ದು ಉತ್ತದ ಮಣ್ಣು ಕಣ್ರಪ್ಪಾ," ಅಂದ ಚೆನ್ನಯ್ಯ. "ಒಡೀಬಾರ್ದು ಅಂತ ಬೇಕಂತ್ಲೇ ಕಟ್ಟಿದ್ದೆ. ಮಗನ ಕೆಲ್ಸಕ್ಕೆ ಸುಳ್ಳು ನಡದೆ. ನಿಜವಾದ ಗಡಿ ಇದೇಯ. ನಿಮ್ಮವರೆಲ್ಲ ಇಲ್ಲೇ ಅವ್ರೆ."

ಯಾರೂ ಅವನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ, ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅಯ್ಯೋ ಅಂದರು. ಪಾಪಯ್ಯ ಬಂದು ತನ್ನ ಟವೆಲಿನಿಂದ ಅವನ ಮುಖ ಒರೆಸಿದ.

"ಬುಡು ಚೆನ್ನಯ್ಯಣ್ಣ. ಎಂಡ್ರು ಓದ ಸಂಕಟಕ್ಕೆ ಏನೇನೋ ಆಡ್ಬ್ಯಾಡ. ಮಣ್ಣು ಅವತ್ತೂ ಯೋಳ್ತು, ಇವತ್ತೂ ಯೋಳ್ತು."

ಹುಸಿ ನಡೆದಾಗ ನಂಬಿದ ಜನ ದಿಟ ನಡೆದಾಗ ನಂಬಲಿಲ್ಲ. ನಂಬದೆ ಇದ್ದದ್ದು ಅವನ ಮೇಲಿನ ಮರ್ಯಾದೆಯಿಂದ. ಚೆನ್ನಯ್ಯ ಗುಂಪಿನಲ್ಲಿ ಮಗನ ಮುಖ ಹುಡುಕಿದ. ಮಣ್ಣುಂಡೆಯ ಮೇಲೆ ನಂಬಿಕೆಯಿಲ್ಲದವನು ಅಲ್ಲಿ ಅವನೊಬ್ಬನೇ. ಹಾಗಾಗಿ ಅಪ್ಪನ ಮಾತು ನಂಬಬಲ್ಲವನೂ ಅವನೊಬ್ಬನೇ. ಚಟ್ಟದ ಮುಂದಿನ ತುದಿ ಹೊತ್ತಿದ್ದ ಮನೋಹರ ಅಪ್ಪನನ್ನೇ ನೋಡುತ್ತಿದ್ದ. ನಡುವರ್ಷದಲ್ಲಿ ಬಂದ ಕರೆ, ಯಾರೋ ಬಿಟ್ಟುಹೋದರಂತೆ ಅನ್ನುವ ಮಾತು, ಎಲ್ಲ ಅವನ ಮುಖದಲ್ಲಿ ಒಂದೊಂದಾಗಿ ಕೂಡಿ ಬಂದದ್ದು ಚೆನ್ನಯ್ಯನಿಗೆ ಕಂಡಿತು. ಒಂದು ಮಾತು ಸಾಕಾಗಿತ್ತು. ನಮ್ಮಪ್ಪ ಹೇಳುತ್ತಿರುವುದು ನಿಜ ಅಂತ ಮೇಷ್ಟ್ರು ಅಂದಿದ್ದರೆ ಕೇರಿ ಕೇಳುತ್ತಿತ್ತು.

"ಬಾಪ್ಪ," ಅಂದ ಮನೋಹರ. "ಬಿಸ್ಲಾಯ್ತು. ಅವ್ವನ್ನ ಕರ್ಕಂಡೋಗಾನ."

ಚಟ್ಟ ತಿರುಗಿತು. ಹೊಂಗೆಮರ ಐವತ್ತು ಮಾರು ದೂರದಲ್ಲಿತ್ತು. ಅವಳನ್ನು ಅಷ್ಟು ಹತ್ತಿರ ತಂದು ವಾಪಸು ಒಯ್ದರು. ಕ್ವಾರಿಯ ಪಕ್ಕ ಅಗೆದರು, ಮೊಣಕಾಲುದ್ದಕ್ಕೆ ಬಂಡೆ ಸಿಕ್ಕಿತು, ಅಷ್ಟರಲ್ಲೇ ಮಲಗಿಸಿ ಮೇಲೆ ಕಲ್ಲು ಪೇರಿಸಿದರು.

ಹನ್ನೊಂದನೆಯ ದಿನ ಕಳೆದು ಚೆನ್ನಯ್ಯ ಮತ್ತೆ ಗೇಟಿಗೆ ಬಂದ. ಕುಲಸಚಿವರು ಕರೆಸಿ, ದುಃಖದಲ್ಲಿ ಆದದ್ದು ಆಯಿತು, ಇನ್ನೊಮ್ಮೆ ಹಾಗೆ ಗೇಟು ತೆರೆಯಬಾರದು ಅಂತ ಮೆತ್ತಗೆ ಹೇಳಿದರು. ಹಜಾರದ ಗೋಡೆಯಲ್ಲಿ ಅವನ ಫೋಟೋ ಹಾಗೇ ಇದೆ, ಉಂಡೆ ದುಂಡಗೆ, ಬಿರುಕಿಲ್ಲದೆ. ಬೆಳಿಗ್ಗೆ ಯಾರೂ ಬರುವ ಮೊದಲು ಅವನು ಹೆಂಡತಿಯ ಪೊರಕೆ ತಂದು ಹೊಂಗೆಮರದ ಬುಡ ಗುಡಿಸುತ್ತಾನೆ. ಆಮೇಲೆ ಬಂದು ಕೂತು ಕಾಲುಗಳನ್ನು ನೋಡುತ್ತಾನೆ.

ವಿದ್ಯಾರ್ಥಿಗಳು ಗಾಡಿ ನಿಲ್ಲಿಸಿ ನೇರ ಮರದ ಕೆಳಗೇ ಹಾದು ಹೋಗುತ್ತಾರೆ. ಪರೀಕ್ಷಾ ಭವನಕ್ಕೆ ಅದೇ ಹತ್ತಿರದ ದಾರಿ. ಮನೋಹರ ಮಾತ್ರ ಈಗ ಸ್ಕೂಟರನ್ನು ಗೇಟಿನ ಹತ್ತಿರವೇ ನಿಲ್ಲಿಸುತ್ತಾನೆ. ಅಪ್ಪನ ಮುಖ ನೋಡುವುದಿಲ್ಲ. ಬ್ಯಾಗು ಹೆಗಲಿಗೇರಿಸಿ, ಹಳೆಯ ಸುಡುಗಾಡಿನ ಅಂಚಿನಲ್ಲೇ, ಎರಡೂವರೆ ಎಕರೆಯನ್ನು ಪೂರ್ತಿ ಸುತ್ತು ಹಾಕಿಕೊಂಡು ತರಗತಿಗೆ ಹೋಗುತ್ತಾನೆ.